ಕೂದಲಿಗೆ ಜಾತಿ ಇಲ್ಲ, ತಲೆಗೆ ಇದೆ

ನಮ್ಮಲ್ಲಿ ಬಹಳ ಜನರ ಊರಿನಲ್ಲಿ ಕ್ಷೌರದಂಗಡಿ ಇತ್ತು. ಅಂಗಡಿಯಲ್ಲಿ ಕನ್ನಡಿ ಇತ್ತು, ಮರದ ಕುರ್ಚಿ ಇತ್ತು, ಗೋಡೆಯ ಮೇಲೆ ದೇವರ ಪಟ ಇತ್ತು. ಆ ಕುರ್ಚಿಯ ಮೇಲೆ ಕೇರಿಯ ಹುಡುಗರು ಕೂರುವಂತಿರಲಿಲ್ಲ. ಹಬ್ಬ ಹತ್ತಿರ ಬಂದಾಗ ಅಪ್ಪ ನಮ್ಮನ್ನು ನಾಲ್ಕು ಮೈಲಿ ನಡೆಸಿಕೊಂಡು ಸಂತೆಯೂರಿಗೆ ಕರಕೊಂಡು ಹೋಗುತ್ತಿದ್ದ. ಅಲ್ಲಿ ಯಾರಿಗೂ ನಮ್ಮ ಗುರುತಿರಲಿಲ್ಲ. ಗುರುತಿಲ್ಲದ ತಲೆಗೆ ಮೈಲಿಗೆಯೂ ಇರಲಿಲ್ಲ. ಕೈಯಲ್ಲಿ ಕಾಸಿಲ್ಲದ ವರ್ಷ ಕೇರಿಯ ಯಾರೋ ಒಬ್ಬ ಮಾವ ಬೇವಿನ ಮರದ ಕೆಳಗೆ ಕೂರಿಸಿ, ಕುರಿಯ ಉಣ್ಣೆ ಕತ್ತರಿಸಿದ ಹಾಗೆ ಕತ್ತರಿಸಿ ಕಳಿಸುತ್ತಿದ್ದ.

ಅದೇ ಅಪ್ಪ ಒಂದು ಸಲ ಹರಕೆ ಹೊತ್ತು ತಿರುಪತಿಗೆ ಹೋದ. ಬೆಟ್ಟದ ಮೇಲಿನ ಕಲ್ಯಾಣಕಟ್ಟೆಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ಕೂತು ಮುಡಿ ಕೊಟ್ಟ. ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಅವನ ಕೂದಲು ಗೌಡರ ಕೂದಲು, ಶೆಟ್ಟರ ಕೂದಲು, ಭಟ್ಟರ ಕೂದಲಿನ ಜೊತೆ ಒಂದೇ ರಾಶಿಯಲ್ಲಿ ಬಿತ್ತು. ಖುಷಿಯಿಂದ ಊರಿಗೆ ಬಂದ. ಬೋಳುತಲೆಯ ಮೇಲೆ ಕೂದಲು ಬೆಳೆಯುವ ಮೊದಲೇ ಜಾತಿ ಬೆಳೆದಿತ್ತು. ಊರಿನ ಕುರ್ಚಿ ಮೊದಲಿನ ಹಾಗೇ ಇತ್ತು.

ಈ ಹಳೆಯ ಮಾತು ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ನಮ್ಮದೊಂದು ಅಧ್ಯಯನ ಶಿಬಿರದಲ್ಲಿ, ಚಿತ್ರಕಲೆ ಓದಿದ ಗೆಳೆಯನೊಬ್ಬ ಗೋಡೆಯ ಮೇಲೆ ಕೆಲವು ಚಿತ್ರ ಬಿಟ್ಟು ತೋರಿಸಿದ. ಕಪ್ಪನೆಯ ಹಗ್ಗ. ಗೋಡೆಯಿಂದ ಜೋತುಬಿದ್ದಿದೆ, ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿದೆ, ಅಲ್ಲಲ್ಲಿ ಕಾರಿನ ಹೊಳೆಯುವ ಬಂಪರುಗಳನ್ನು ಎತ್ತಿ ಹಿಡಿದಿದೆ. ‘ಇದು ಯಾವ ಹಗ್ಗ?’ ಅಂತ ಕೇಳಿದೆವು. ‘ಕೂದಲು. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲು’ ಅಂದ.

ಶಿಬಿರ ಒಂದು ಗಳಿಗೆ ಸುಮ್ಮನಾಯಿತು. ಅಪ್ಪನ ಕೂದಲೂ ಆ ಹಗ್ಗದಲ್ಲಿ ಇದ್ದೀತು ಅಂತ ನಮಗೆ ಅನ್ನಿಸಿತು.

ಆ ಕೃತಿಯ ಹೆಸರು ‘ಬಿಹೋಲ್ಡ್’, ಅಂದರೆ ‘ನೋಡಿ’. ಮಾಡಿದವರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಬರೋಡಾದಲ್ಲಿ, ಶಾಂತಿನಿಕೇತನದಲ್ಲಿ, ಆಮೇಲೆ ಲಂಡನ್ನಿನಲ್ಲಿ ಕಲಿತವರು, ಬೆಂಗಳೂರಿನಲ್ಲೇ ಇದ್ದು ಕೆಲಸ ಮಾಡುವವರು. ಈ ಕೃತಿ 2009ರಲ್ಲಿ ಇಟಲಿಯ ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿತ್ತು. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸುಮಾರು ನಾಲ್ಕು ಸಾವಿರ ಮೀಟರ್ ಕೂದಲ ಹಗ್ಗ, ಇಪ್ಪತ್ತರಷ್ಟು ಬಂಪರು. ನಾವು ವೆನಿಸ್ಸನ್ನೂ ನೋಡಿಲ್ಲ, ಲಂಡನ್ನನ್ನೂ ನೋಡಿಲ್ಲ. ಆದರೆ ಆ ಹಗ್ಗವನ್ನು ನೋಡಿದ್ದೇವೆ. ಬೆಂಗಳೂರಿನಲ್ಲಿ ಲಾರಿ, ಟೆಂಪೋ, ಕಾರುಗಳ ಬಂಪರಿಗೆ ದೃಷ್ಟಿ ತಾಕದಿರಲಿ ಅಂತ ಡ್ರೈವರುಗಳು ಕಟ್ಟುವ ಕರಿ ಹಗ್ಗ ಅದೇ. ಕಲಾವಿದೆ ಅದನ್ನು ಬೀದಿಯಿಂದ ಎತ್ತಿಕೊಂಡು ಹೋಗಿ ಲೋಕದ ಮುಂದೆ ಇಟ್ಟಿದ್ದಾರೆ.

ಚಿತ್ರ ನೋಡಿದ ಮೇಲೆ ನಮ್ಮೊಳಗೆ ದೊಡ್ಡ ಜಗಳವೇ ಆಯಿತು. ಒಬ್ಬ ಅಂದ: ‘ಇದೆಲ್ಲ ಹೊಟ್ಟೆ ತುಂಬಿದೋರ ಆಟ. ನಮ್ಮವ್ವ ಸಗಣಿ ಬಾಚಿದ್ರೆ ಕೂಲಿ, ಅವರು ಸಗಣಿ ಮುಟ್ಟಿದ್ರೆ ಕಲೆ.’ ಇನ್ನೊಬ್ಬಳು ಅಂದಳು: ‘ಆದ್ರೂ ಅವರು ಮುಟ್ಟಿದರಲ್ಲ. ನಮ್ಮ ಕವಿಗಳು ಎಷ್ಟು ಜನ ಮುಟ್ಟಿದ್ದಾರೆ?’ ಈ ಜಗಳ ಅಲ್ಲೇ ಮುಗಿಯಲಿಲ್ಲ. ಮುಗಿಯದ ಜಗಳವನ್ನು ಓದುಗ ಗೆಳೆಯರ ಮುಂದೆ ಇಡುವುದಕ್ಕಾಗಿಯೇ ಈ ಬರಹ. ನಮ್ಮ ಪ್ರಶ್ನೆ ಇಷ್ಟು: ಮೈಯನ್ನು ದೇವರಿಗೆ, ಕಲೆಗೆ, ಚಳವಳಿಗೆ ಒಪ್ಪಿಸುವುದು ಅಂದರೇನು? ಯಾವ ಒಪ್ಪಿಸುವಿಕೆ ಬಿಡುಗಡೆ, ಯಾವುದು ಗುಲಾಮಗಿರಿ? ಎರಡನ್ನೂ ‘ಅಧ್ಯಾತ್ಮ’ ಅನ್ನುವ ಒಂದೇ ಹೆಸರಿನಿಂದ ಕರೆಯುತ್ತಾ ಬಂದಿದ್ದೇವಲ್ಲ, ಬೇರೆ ಮಾಡುವುದು ಹೇಗೆ?

*

ಮೊದಲು ಸಗಣಿಯ ಮಾತು. ಶೀಲಾ ಗೌಡ ಎಣ್ಣೆಬಣ್ಣದ ಚಿತ್ರಗಳನ್ನು ಬರೆಯುತ್ತಿದ್ದವರು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯಲ್ಲಿ ಮಸೀದಿ ಉರುಳಿತು, ಮುಂಬೈ ಹತ್ತಿ ಉರಿಯಿತು. ಆ ಕಾಲದಲ್ಲೇ ಅವರ ಕೆಲಸ ಕ್ಯಾನ್ವಾಸಿನಿಂದ ಸಗಣಿಯ ಕಡೆಗೆ ಹೊರಳಿತು. ಹಸುವಿನ ಹೆಸರು ಹೇಳಿ ಮನುಷ್ಯರನ್ನು ಕೊಲ್ಲುವ ರಾಜಕೀಯ ಬಲಿಯುತ್ತಿದ್ದ ದಿನಗಳಲ್ಲಿ ಹಸುವಿನ ಸಗಣಿಯನ್ನು ಕೈಗೆತ್ತಿಕೊಳ್ಳುವುದು ಸುಮ್ಮನೆ ಅಲ್ಲ. ಸಗಣಿ ಪವಿತ್ರ ಅಂತ ಪುರೋಹಿತ ಹೇಳುತ್ತಾನೆ. ಅದನ್ನು ದಿನಾ ಬಾಚಿ, ಬುಟ್ಟಿಯಲ್ಲಿ ಹೊತ್ತು, ಗೌಡರ ಗೋಡೆಗೆ ಬೆರಣಿ ತಟ್ಟುವ ಹೆಂಗಸು ಮಾತ್ರ ಅಪವಿತ್ರ. ಪವಿತ್ರ ವಸ್ತುವನ್ನು ದಿನವೆಲ್ಲ ಮುಟ್ಟುವ ಕೈ ಮೈಲಿಗೆ ಆಗುವುದಾದರೂ ಹೇಗೆ? ಲೆಕ್ಕ ತಪ್ಪಿದೆ ಅನ್ನಿಸುತ್ತದೆ. ತಪ್ಪಿಲ್ಲ. ಪಾವಿತ್ರ್ಯ ವಸ್ತುವಿನಲ್ಲಿ ಇಲ್ಲವೇ ಇಲ್ಲ; ಯಾರು ದುಡಿಯುತ್ತಾರೆ, ಯಾರು ಕೂತು ಉಣ್ಣುತ್ತಾರೆ ಅನ್ನುವುದರಲ್ಲಿ ಇದೆ.

ಎರಡನೆಯದು ಕುಂಕುಮದ ಹಗ್ಗ. 1998ರ ಕೃತಿ. ಅದರ ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಂದರೆ ‘ಅವನಿಗೆ ನನ್ನ ನೋವನ್ನೂ ಹೇಳು’ ಎಂದಾಗುತ್ತದೆ. ಉದ್ದನೆಯ ನೂಲನ್ನು ಒಂದೊಂದೇ ಸೂಜಿಯ ಕಣ್ಣಿನಿಂದ ಎಳೆದು, ಎಳೆಗಳನ್ನೆಲ್ಲ ಒಟ್ಟು ಮಾಡಿ, ಅಂಟು ಮತ್ತು ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ತೂಗಾಡುತ್ತದೆ. ನೋಡಿದರೆ ಕರುಳು ಅನ್ನಿಸುತ್ತದೆ, ಹೊಕ್ಕುಳಬಳ್ಳಿ ಅನ್ನಿಸುತ್ತದೆ. ಹಣೆಯ ಮೇಲೆ ಸೌಭಾಗ್ಯವಾಗಿರುವ ಕುಂಕುಮ ಇಲ್ಲಿ ಹರಿದ ನೆತ್ತರಾಗಿ ನೆಲದ ಮೇಲೆ ಬಿದ್ದಿದೆ. ಹೊಲಿಗೆ ಹಾಕಿದ ಕೈ, ದಿನಗಟ್ಟಲೆ ಬಗ್ಗಿದ ಬೆನ್ನು ಎಲ್ಲವೂ ಆ ಹಗ್ಗದೊಳಗೆ ಇದೆ. 2007ರ ‘ಕೊಲ್ಯಾಟರಲ್’ ಎಂಬ ಕೃತಿಯಲ್ಲಿ ಊದುಬತ್ತಿಯ ಹಿಟ್ಟನ್ನು ಹೊಸೆದು, ಸುಟ್ಟು, ಉಳಿದ ಬೂದಿಯನ್ನೇ ಕೃತಿಯಾಗಿ ಬಿಟ್ಟಿದ್ದಾರೆ. ಮೈಸೂರು, ಬೆಂಗಳೂರಿನ ಗಲ್ಲಿಗಳಲ್ಲಿ ಮನೆ ಬಾಗಿಲಲ್ಲಿ ಕೂತು ಸಾವಿರಗಟ್ಟಲೆ ಊದುಬತ್ತಿ ಹೊಸೆಯುವ ನಮ್ಮ ಅಕ್ಕಂದಿರನ್ನು ಬಲ್ಲವರಿಗೆ ಇದು ಬೇಗ ಅರ್ಥ ಆಗುತ್ತದೆ. ಪರಿಮಳ ದೇವರಿಗೆ, ಇದ್ದಿಲ ಪುಡಿ ಅವರ ಉಗುರಿಗೆ.

*

ಈಗ ಕೂದಲಿಗೆ ಬರೋಣ. ಭಕ್ತ ಕೊಟ್ಟ ಮುಡಿ ಎಲ್ಲಿಗೆ ಹೋಗುತ್ತದೆ? ದೇವರ ಬಳಿ ಇರುವುದಿಲ್ಲ. ತಿರುಪತಿಯ ದೇವಸ್ಥಾನ ಅದನ್ನು ಹರಾಜು ಹಾಕುತ್ತದೆ. ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ. ಉದ್ದ ಕೂದಲು, ಅಂದರೆ ಹೆಚ್ಚಾಗಿ ಹೆಂಗಸರ ಕೂದಲು, ತೊಳೆದು ಬಣ್ಣ ಹಚ್ಚಿಸಿಕೊಂಡು ಯೂರೋಪು, ಅಮೆರಿಕಗಳಿಗೆ ವಿಗ್ಗಾಗಿ ಹೋಗುತ್ತದೆ. ಗಿಡ್ಡ ಕೂದಲಿಗೆ ಬೆಲೆ ಕಮ್ಮಿ. ಅದರಲ್ಲಿ ಒಂದಿಷ್ಟು ಹಗ್ಗ ಆಗಿ ಬಂಪರು ಸೇರುತ್ತದೆ. ಕೂದಲಿನಲ್ಲೂ ಮೇಲು ಕೀಳು ಆಯಿತು, ಆದರೆ ಇದು ಮಾರುಕಟ್ಟೆಯ ಮೇಲು ಕೀಳು.

2004ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಯೆಹೂದಿಗಳಲ್ಲಿ ಕಟ್ಟುನಿಟ್ಟಿನ ಪಂಗಡದ ಮದುವೆಯಾದ ಹೆಂಗಸರು ತಮ್ಮ ಕೂದಲು ಪರರಿಗೆ ಕಾಣಬಾರದು ಅಂತ ವಿಗ್ಗು ಹಾಕುತ್ತಾರೆ. ಆ ವಿಗ್ಗುಗಳ ಕೂದಲು ಭಾರತದ ದೇವಸ್ಥಾನದ್ದು, ಅದು ವಿಗ್ರಹಕ್ಕೆ ಅರ್ಪಿಸಿದ್ದು, ಆದ್ದರಿಂದ ಹಾಕಬಾರದು ಅಂತ ಅವರ ಧರ್ಮಗುರುಗಳು ತೀರ್ಪು ಕೊಟ್ಟರು. ಇಸ್ರೇಲಿನಲ್ಲಿ, ನ್ಯೂಯಾರ್ಕಿನ ಬೀದಿಗಳಲ್ಲಿ ವಿಗ್ಗುಗಳನ್ನು ರಾಶಿ ಹಾಕಿ ಸುಟ್ಟರು. ಒಂದೇ ಕೂದಲು. ಬೆಟ್ಟದ ಮೇಲೆ ಪುಣ್ಯ, ಕಾರ್ಖಾನೆಯಲ್ಲಿ ಸರಕು, ಅಲ್ಲಿ ಪಾಪ, ಬೆಂಗಳೂರಿನ ಲಾರಿಯ ಮೇಲೆ ರಕ್ಷೆ, ಲಂಡನ್ನಿನಲ್ಲಿ ಕಲೆ. ಕೂದಲು ಮಾತ್ರ ಕೂದಲಾಗೇ ಇದೆ. ಪುಣ್ಯ ಪಾಪ ಅನ್ನುವುದನ್ನು ಮನುಷ್ಯರು ವಸ್ತುವಿನ ಮೇಲೆ ಹೊರಿಸುತ್ತಾರೆ ಅಂತ ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಹಳ್ಳಿಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಬೇಕು. ಹೊರಿಸಿದ್ದನ್ನು ಇಳಿಸಲೂಬಹುದು ಅಂತಲೂ ಹೇಳಬೇಕು.

*

ನಮ್ಮ ನಾಡಿನಲ್ಲಿ ಮೈ ಮತ್ತು ದೇವರ ಸಂಬಂಧ ಬಹಳ ಹಳೆಯದು. 12ನೇ ಶತಮಾನದ ವಚನಕಾರರು ಕಲ್ಲಿನ ಗುಡಿಯನ್ನು ಬಿಟ್ಟು ಮೈಯನ್ನೇ ಗುಡಿ ಮಾಡಿಕೊಂಡರು. ಗುಡಿಯ ಬಾಗಿಲು ಮುಚ್ಚಿದ್ದ ಜನಕ್ಕೆ ಅದು ದೊಡ್ಡ ದಾರಿ. ಅಕ್ಕ ಮಹಾದೇವಿ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಸಾಕಿ ಕೂದಲನ್ನೇ ಹೊದ್ದು ನಡೆದಳು.

ಈಗ ಇನ್ನೊಂದು ಬೆತ್ತಲೆ ನೋಡಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿ. ರೇಣುಕಾಂಬೆಯ ಜಾತ್ರೆ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟ ಹತ್ತುವ ಹರಕೆ. ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ದಲಿತರು, ಹಿಂದುಳಿದವರು, ಅದರಲ್ಲೂ ಹೆಂಗಸರು. ದಲಿತ ಸಂಘರ್ಷ ಸಮಿತಿಯವರೂ ಇತರ ಪ್ರಗತಿಪರರೂ ಅದನ್ನು ವಿರೋಧಿಸಿದರು. 1986ರ ಮಾರ್ಚಿನಲ್ಲಿ ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು, ಬಟ್ಟೆ ಕಿತ್ತು, ಬೆತ್ತಲೆ ಮೆರೆಸಿತು. ಆಮೇಲೆ ಸರ್ಕಾರ ಬೆತ್ತಲೆಸೇವೆಯನ್ನು ನಿಷೇಧಿಸಿತು. ಆಗ ಕೆಲವು ಪಂಡಿತರು ನಮ್ಮನ್ನು ಕೇಳಿದರು: ‘ಅಕ್ಕನ ಬೆತ್ತಲೆಯನ್ನು ಕೊಂಡಾಡುತ್ತೀರಿ, ಚಂದ್ರಗುತ್ತಿಯ ಬೆತ್ತಲೆಯನ್ನು ಯಾಕೆ ತಡೀತೀರಿ? ಅವರಾಗೇ ತಾನೆ ಬರ್ತಾರೆ?’

ಇದೇ ಮಾತನ್ನು ಮಡೆಸ್ನಾನದ ವಿಷಯದಲ್ಲೂ ಕೇಳಿದ್ದೇವೆ. ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಉರುಳುವವರು ‘ಅವರಾಗೇ ಉರುಳ್ತಾರೆ, ನಾವೇನು ಕರೆದಿಲ್ಲ’ ಅಂತ. 2017ರಲ್ಲಿ ಕರ್ನಾಟಕದ ಕಾನೂನು ಅದನ್ನೂ ಅಮಾನವೀಯ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಆದರೆ ಕಾನೂನು ಬಂದ ಮಾತ್ರಕ್ಕೆ ವಾದ ಸಾಯುವುದಿಲ್ಲ. ವಾದಕ್ಕೆ ಉತ್ತರ ಕೊಡಬೇಕು.

ನಮ್ಮ ಉತ್ತರ ಇದು. ‘ಅವರಾಗೇ ಮಾಡಿದರಾ?’ ಅನ್ನುವುದು ಅರ್ಧ ಪ್ರಶ್ನೆ. ಪೂರ್ತಿ ಪ್ರಶ್ನೆ: ‘ಮಾಡುವುದಿಲ್ಲ ಅಂದಿದ್ದರೆ ಏನಾಗುತ್ತಿತ್ತು?’ ಅಕ್ಕ ಇಲ್ಲ ಅಂದದ್ದು ರಾಜನಿಗೆ. ಅವಳ ಬೆತ್ತಲೆಯೇ ಒಂದು ‘ಇಲ್ಲ’. ಚಂದ್ರಗುತ್ತಿಯ ಹೆಂಗಸಿಗೆ ಇಲ್ಲ ಅನ್ನುವ ದಾರಿ ಎಲ್ಲಿತ್ತು? ಮಗುವಿಗೆ ಜ್ವರ, ಆಸ್ಪತ್ರೆ ದೂರ, ಮೈಮೇಲೆ ಸಾಲ, ಊರಿನ ಬಾಯಿ, ದೇವಿಯ ಕೋಪ. ಇಷ್ಟೂ ಸೇರಿ ಅವಳ ಸೀರೆ ಬಿಚ್ಚಿಸಿದವು. ಅವಳ ಭಕ್ತಿ ಸುಳ್ಳು ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳುವ ಸೊಕ್ಕು ನಮಗೆ ಬೇಡ. ಅವಳ ಭಕ್ತಿ ನಿಜ, ಅವಳ ಸಂಕಟ ಅದಕ್ಕಿಂತ ನಿಜ. ಆ ಸಂಕಟವನ್ನು ದುಡಿಸಿಕೊಂಡ ವ್ಯವಸ್ಥೆಯನ್ನು ಅಧ್ಯಾತ್ಮ ಅಂತ ಕರೆಯಲು ಮಾತ್ರ ಒಪ್ಪುವುದಿಲ್ಲ.

ಸಮಗಾರ ಹರಳಯ್ಯನ ಕತೆ ನಮಗೆಲ್ಲ ಗೊತ್ತು. ಹರಳಯ್ಯ ಕೈಮುಗಿದು ‘ಶರಣು’ ಅಂದ. ಬಸವಣ್ಣ ‘ಶರಣು ಶರಣಾರ್ಥಿ’ ಅಂದರು. ಒಂದು ಶರಣು ಹೆಚ್ಚಾಯಿತು, ಆ ಋಣ ತೀರಿಸುವುದು ಹೇಗೆ ಅಂತ ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರು. ನಮ್ಮ ಗೆಳೆಯರೊಬ್ಬರು ಈ ಕತೆಯನ್ನು ಶಾಲೆಯಲ್ಲಿ ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ಹುಡುಗ ಎದ್ದು ಕೇಳಿದನಂತೆ: ‘ಸಾರ್, ಒಂದು ಸಲ ಮರ್ಯಾದೆ ಕೊಟ್ಟದ್ದಕ್ಕೆ ಅಷ್ಟೊಂದು ಚರ್ಮ ಕೊಡಬೇಕಾ?’

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ. ಜನ್ಮಪೂರ್ತಿ ಯಾರೂ ಕೈಮುಗಿಯದ ಮನುಷ್ಯನಿಗೆ ಒಬ್ಬರು ಕೈಮುಗಿದರೆ ಅದು ಹೊರಲಾರದ ಋಣ ಅನ್ನಿಸುತ್ತದೆ. ಆ ಋಣದ ಭಾರ ಹರಳಯ್ಯನ ಭಕ್ತಿಯಷ್ಟೇ ಅಲ್ಲ, ಅವನಿಗೆ ಅಲ್ಲಿಯವರೆಗೆ ಸಲ್ಲದೆ ಹೋದ ಎಲ್ಲ ನಮಸ್ಕಾರಗಳ ಲೆಕ್ಕವೂ ಹೌದು. ಬಸವಣ್ಣನವರನ್ನು ಸಣ್ಣದು ಮಾಡಲು ಈ ಮಾತು ಹೇಳುತ್ತಿಲ್ಲ. ಆ ಕಾಲದಲ್ಲಿ ಕೈಮುಗಿದವರು ಅವರೇ. ಕತೆ ಅಲ್ಲಿಗೆ ನಿಲ್ಲುವುದೂ ಇಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆ ಆಯಿತು. ಆಗ ಕಲ್ಯಾಣ ಹೊತ್ತಿಕೊಂಡಿತು. ಇಬ್ಬರು ಅಪ್ಪಂದಿರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಪರಂಪರೆ ಹೇಳುತ್ತದೆ. ಗಮನಿಸಿ ಗೆಳೆಯರೆ, ದಲಿತ ತನ್ನ ಚರ್ಮ ಸುಲಿದು ಕೊಟ್ಟಾಗ ಯಾವ ರಾಜನಿಗೂ ಸಿಟ್ಟು ಬರಲಿಲ್ಲ. ಅವನ ಮಗನ ಮೈ ಇನ್ನೊಂದು ಜಾತಿಯ ಮೈಯ ಪಕ್ಕ ಹಸೆಮಣೆಯ ಮೇಲೆ ಕೂತಾಗ ಸಿಂಹಾಸನ ಅಲುಗಿತು. ನಮ್ಮ ಮೈಯ ತ್ಯಾಗವನ್ನು ಈ ಸಮಾಜ ಪೂಜಿಸುತ್ತದೆ, ನಮ್ಮ ಮೈಯ ಸುಖವನ್ನು ಕೊಲ್ಲುತ್ತದೆ. ಇವತ್ತಿಗೂ ಪ್ರೀತಿಸಿ ಮದುವೆಯಾದ ಹುಡುಗ ಹುಡುಗಿಯರ ಹೆಣಗಳು ಕಬ್ಬಿನ ಗದ್ದೆಯಲ್ಲಿ, ರೈಲು ಹಳಿಯ ಮೇಲೆ ಸಿಗುತ್ತಿಲ್ಲವೆ?

*

ಸ್ವಾಮಿಗಳು ಪ್ರವಚನದಲ್ಲಿ ‘ಆತ್ಮಕ್ಕೆ ಜಾತಿ ಇಲ್ಲ’ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬಾವಿಯ ಹತ್ತಿರ ಹೋಗುವುದು ಆತ್ಮ ಅಲ್ಲ, ಮೈ. ಬಾಯಾರುವುದು ಮೈ, ಏಟು ತಿನ್ನುವುದು ಮೈ. ಆತ್ಮಕ್ಕೆ ಸಮಾನತೆ ಕೊಟ್ಟು ಮೈಗೆ ಕೇರಿ ಕೊಟ್ಟರೆ ಆ ಸಮಾನತೆ ಯಾವ ಹೊಟ್ಟೆಗೆ? ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಅದು ಮೈಯಿಂದ ಮಾಡಿದ ತತ್ವಶಾಸ್ತ್ರ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಸೇರಿದ ಬೌದ್ಧ ಧರ್ಮ ಶಾಶ್ವತ ಆತ್ಮವನ್ನೇ ಒಪ್ಪುವುದಿಲ್ಲ. ಇದರ ಅರ್ಥವನ್ನು ನಾವು ಸಾಕಷ್ಟು ಯೋಚಿಸಿಲ್ಲ. ಒಳಗೆ ಎಲ್ಲೋ ನೋಯದ, ಮೈಲಿಗೆಯಾಗದ ಆತ್ಮ ಇದೆ ಅಂತಾದರೆ ಹೊರಗಿನ ಹೊಡೆತ ಅಷ್ಟೇನೂ ದೊಡ್ಡದಲ್ಲ ಅಂತ ಸಮಾಧಾನ ಹೇಳಬಹುದು. ಹಾಗೆ ಒಂದು ಆತ್ಮ ಇಲ್ಲ ಅಂದಾಗ, ಮೈಗೆ ಬಿದ್ದ ಏಟು ಇಡೀ ಮನುಷ್ಯನಿಗೇ ಬಿದ್ದ ಏಟು. ಮುಂದಿನ ಜನ್ಮದಲ್ಲಿ ಸರಿಹೋಗುತ್ತೆ ಅನ್ನುವ ವಾಯಿದೆ ಇಲ್ಲ. ನ್ಯಾಯ ಇಲ್ಲೇ, ಈ ಮೈ ಇರುವಾಗಲೇ ಸಿಗಬೇಕು.

ಈ ಕಣ್ಣಿನಿಂದ ಕಲೆಯನ್ನು ನೋಡಿ. ನಾಗಪುರದವರೇ ಆದ ಚಿತ್ರಕಾರ ಸವಿ ಸಾವರ್ಕರ್ ದಲಿತನ ಮೈಯನ್ನು ನೇರವಾಗಿ ಬರೆದರು. ಕೊರಳಿಗೆ ಮಡಕೆ, ಜೊತೆಗೆ ಪೊರಕೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳದಂತೆ ಮಡಕೆ, ಹೆಜ್ಜೆ ಗುರುತು ಅಳಿಸಲು ಪೊರಕೆ ಕಟ್ಟಿಕೊಳ್ಳಬೇಕಿತ್ತು ಅಂತ ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಬರೆದದ್ದನ್ನು ಓದಿದವರಿಗೆ ಆ ಚಿತ್ರ ಎದೆಗೆ ಬಡಿಯುತ್ತದೆ. ದೇವದಾಸಿಯರ ಮೈಯನ್ನೂ ಅವರು ಬರೆದರು. ಅಲ್ಲಿ ಮನುಷ್ಯ ಎದುರಿಗೆ ನಿಂತಿದ್ದಾನೆ. ಶೀಲಾ ಗೌಡರಲ್ಲಿ ಮನುಷ್ಯ ಕಾಣುವುದಿಲ್ಲ. ಅವನು ಬಿಟ್ಟುಹೋದ ಕೂದಲು, ಬೂದಿ, ನೂಲು ಮಾತ್ರ ಇವೆ. ಒಬ್ಬರು ಸಾಕ್ಷಿ ಹೇಳುತ್ತಾರೆ, ಇನ್ನೊಬ್ಬರು ಸುಳಿವು ಕೊಡುತ್ತಾರೆ. ಎರಡೂ ಬೇಕು ಅಂತ ನಮಗೆ ಅನ್ನಿಸುತ್ತದೆ.

ಹಾಗಾದರೆ ನಮ್ಮ ಗೆಳೆಯನ ಸಿಟ್ಟು ತಪ್ಪೆ? ಅಲ್ಲ. ಕೂದಲು ಕೊಟ್ಟವರನ್ನು ಯಾರೂ ಕೇಳಲಿಲ್ಲ. ವಿಗ್ಗಿನ ವ್ಯಾಪಾರಿಯೂ ಕೇಳಲಿಲ್ಲ, ಕಲೆಯೂ ಕೇಳಲಿಲ್ಲ. ಕಲಾಶಾಲೆಯ ಬಿಳಿ ಗೋಡೆಗೆ ಬಂದ ಮೇಲೆ ಸಗಣಿಯ ವಾಸನೆ ಹೋಗುತ್ತದೆ. ‘ಭಾರತೀಯ ಸಂಪ್ರದಾಯ’ ಅಂತ ಒಂದೇ ಮಾತಿನಲ್ಲಿ ಮುಗಿಸಿ, ಜಾತಿಯ ಹೆಸರೇ ಎತ್ತದೆ ಮುಂದಿನ ಕೋಣೆಗೆ ಹೋಗುವ ಅಪಾಯ ಯಾವಾಗಲೂ ಇದೆ. ಆದರೂ ಒಂದು ವ್ಯತ್ಯಾಸ ಇದೆ. ವಿಗ್ಗು ತಾನು ಯಾರ ಕೂದಲು ಅನ್ನುವುದನ್ನು ಮುಚ್ಚಿಡುತ್ತದೆ, ಮುಚ್ಚಿಟ್ಟರೇ ಅದಕ್ಕೆ ಬೆಲೆ. ಆ ಹಗ್ಗ ‘ನೋಡಿ’ ಅನ್ನುತ್ತದೆ. ಕಲಾವಿದೆ ಅಷ್ಟು ಮಾಡಿದ್ದಾರೆ. ಯಾರ ಕೂದಲು, ಆ ತಲೆಗೆ ಊರಿನಲ್ಲಿ ಕುರ್ಚಿ ಇತ್ತೆ ಅಂತ ಕೇಳುವ ಕೆಲಸ ನೋಡುವವರದು, ಅಂದರೆ ನಮ್ಮದು. ಅದನ್ನೂ ಅವರೇ ಮಾಡಲಿ ಅಂತ ಕೂರುವುದು ಸೋಮಾರಿತನ.

*

ಕೊನೆಗೆ, ಯಾವ ಪ್ರದರ್ಶನಕ್ಕೂ ಸೇರದ ಒಂದು ದೃಶ್ಯ. 2010ರ ಜುಲೈ, ಹಾವೇರಿ ಜಿಲ್ಲೆಯ ಸವಣೂರು. ತಲೆತಲಾಂತರದಿಂದ ಮಲ ಹೊತ್ತ ಭಂಗಿ ಸಮುದಾಯದ ಕುಟುಂಬಗಳನ್ನು ಇದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು. ಮನವಿ ಕೊಟ್ಟರು, ಯಾರೂ ಕೇಳಲಿಲ್ಲ. ಆಗ ಅವರು ಹಾಡುಹಗಲು, ಎಲ್ಲರ ಎದುರಿಗೆ, ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿ ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಿದ್ದರು. 1993ರಲ್ಲಿ ದೇಶಕ್ಕೇ ಕಾನೂನು ಬಂದಿತ್ತು. ಅದಾಗಿ 17 ವರ್ಷದ ಮೇಲೆ ನಡೆದದ್ದು ಇದು.

ಅದನ್ನು ಕಲೆ ಅಂತ ಕರೆಯುವ ಧೈರ್ಯ ನಮಗಿಲ್ಲ, ಕರೆಯಬಾರದು ಕೂಡ. ಅವರಿಗೆ ಇಲ್ಲ ಅನ್ನುವ ದಾರಿಗಳೆಲ್ಲ ಮುಚ್ಚಿದ್ದವು. ಉಳಿದಿದ್ದ ಒಂದೇ ‘ಇಲ್ಲ’ ಅವರ ಮೈ. ಆದರೆ ಮೈಯ ಬಗ್ಗೆ, ಪಾವಿತ್ರ್ಯದ ಬಗ್ಗೆ ಈ ನಾಡಿನಲ್ಲಿ ನಡೆದ ಎಲ್ಲ ಪ್ರವಚನಗಳನ್ನೂ ಆ ಗಳಿಗೆ ಒಗೆದು ಹಾಕಿತು. ನೋಡಿದವರು ಮೂಗು ಮುಚ್ಚಿಕೊಂಡರು. ಅವರ ಅಪ್ಪ ಅಜ್ಜಂದಿರು ಅದೇ ಮಲವನ್ನು ಹೊತ್ತು ಊರು ಚೊಕ್ಕಟ ಮಾಡುತ್ತಿದ್ದಾಗ ಯಾರ ಮೂಗಿಗೂ ವಾಸನೆ ಬಂದಿರಲಿಲ್ಲ.

ಆದ್ದರಿಂದ ಓದುಗ ಗೆಳೆಯರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಮೈಯನ್ನು ಒಪ್ಪಿಸಿದ ಯಾವ ಕತೆ ಕೇಳಿದರೂ, ಅದು ಗುಡಿಯದಿರಲಿ, ಕಲಾಶಾಲೆಯದಿರಲಿ, ನಮ್ಮದೇ ಚಳವಳಿಯದಿರಲಿ, ಮೂರು ಮಾತು ಕೇಳಿ. ಯಾರ ಮೈ? ಇಲ್ಲ ಅಂದಿದ್ದರೆ ಏನಾಗುತ್ತಿತ್ತು? ಲಾಭ ಯಾರ ಮನೆಗೆ ಹೋಯಿತು? ಚಳವಳಿಯನ್ನು ಬೇಕೆಂದೇ ಸೇರಿಸಿದ್ದೇವೆ. ಸಭೆಗೆ ಜಮಖಾನ ಹಾಸುವ, ಅನ್ನ ಬೇಯಿಸುವ, ಲಾಠಿ ಏಟಿಗೆ ಮೊದಲು ಸಿಗುವ ಮೈಗಳು ಯಾರವು, ವೇದಿಕೆಯ ಮೇಲಿನ ಕುರ್ಚಿ ಯಾರದು ಅಂತ ನಮ್ಮ ಹೆಣ್ಣುಮಕ್ಕಳು ಕೇಳಲು ಶುರು ಮಾಡಿ ಬಹಳ ದಿನ ಆಯಿತು.

ಮತ್ತೆ ಒಂದು ಕೆಲಸ. ಈ ಪತ್ರಿಕೆ ಓದಿ ಮುಗಿಸಿದ ಮೇಲೆ ನಿಮ್ಮೂರಿನ ಕ್ಷೌರದಂಗಡಿಗೆ ಹೋಗಿ. ಒಬ್ಬರೇ ಹೋಗಬೇಡಿ, ಕೇರಿಯ ಒಬ್ಬ ಹುಡುಗನನ್ನು ಕರಕೊಂಡು ಹೋಗಿ. ಅವನನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ. ಏನಾಯಿತು ಅಂತ ನಮಗೆ ಬರೆದು ತಿಳಿಸಿ.